ರವಿಯ ಮೋಟರನ್ನು ಸ್ವೀಡನ್ನಿಗೆ ಒಯ್ದದ್ದು

ವಿಮಾನ ನಿಲ್ದಾಣ, ಗುರುವಾರ

ಸ್ಟಾಕ್‌ಹೋಮ್ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದು ಮೊದಲು ಮಾಡಿದ ಕೆಲಸ ಮೂಸಿ ನೋಡಿದ್ದು. ನನಗಿಂತ ಒಂದು ಗೇಣು ಎತ್ತರದ ಹೆಂಗಸು. ಗೋಣಿ ಬಿಚ್ಚಿದಳು, ಒಳಗಿನ ಅಡಿಕೆ ಹಾಳೆ ಬಿಡಿಸಿದಳು, ಕಬ್ಬಿಣದ ಮೇಲೆ ಬಗ್ಗಿ ಇನ್ನೊಮ್ಮೆ ಮೂಸಿದಳು.

"ಬೆಂಕಿ ಬಿದ್ದಿತ್ತೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ, ಬಚ್ಚಲುಮನೆಯಲ್ಲಿ ಇಟ್ಟಿದ್ದೆವು" ಎಂದೆ.

ಅವಳು ಮೋಟರನ್ನೂ ನನ್ನನ್ನೂ ನೋಡಿದಳು. ಮೋಟರು ಬಚ್ಚಲುಮನೆಯಲ್ಲಿ ಯಾಕಿರಬೇಕು, ಬಚ್ಚಲುಮನೆ ಹೊಗೆಯ ವಾಸನೆ ಯಾಕೆ ಹೊಡೆಯಬೇಕು ಎಂಬ ಎರಡು ಪ್ರಶ್ನೆಗಳು ಅವಳ ಮುಖದಲ್ಲಿ ಸಾಲಾಗಿ ನಿಂತಿದ್ದವು. ನಮ್ಮ ಕಡೆ ಬಚ್ಚಲಲ್ಲಿ ಒಲೆ ಇರುತ್ತದೆ, ಒಲೆಯ ಮೇಲೆ ನೀರಿನ ಹಂಡೆ ಇರುತ್ತದೆ, ಹಂಡೆಯ ಮೇಲೆ ಅಟ್ಟ ಇರುತ್ತದೆ, ಮಳೆಗಾಲದಲ್ಲಿ ಒಣಗಬೇಕಾದದ್ದೆಲ್ಲ ಆ ಅಟ್ಟ ಹತ್ತುತ್ತದೆ ಎಂದು ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿತ್ತು. ಆದರೆ ಹನ್ನೆರಡು ತಾಸು ಕೂತು ಬಂದವನಲ್ಲಿ ಅಷ್ಟು ಉಸಿರು ಇರಲಿಲ್ಲ. ಹಳೆಯ ಮೋಟರುಗಳ ಕ್ಲಬ್ಬಿನವರು ಕಳಿಸಿದ್ದ ಆಮಂತ್ರಣ ತೋರಿಸಿದೆ. ಓದಿದಳು. ಮೊದಲ ಸಲ ನಕ್ಕಳು.

"ನನ್ನ ಅಜ್ಜನ ಹತ್ತಿರ ಇಂಥದೊಂದಿತ್ತು. ತುಂಬಾ ಶಬ್ದ ಮಾಡುತ್ತಿತ್ತು" ಎಂದು ಹೇಳಿ, ಹಾಳೆಯನ್ನು ನಾನು ಸುತ್ತಿದ್ದಕ್ಕಿಂತ ಚೆನ್ನಾಗಿ ಸುತ್ತಿಕೊಟ್ಟಳು.

ಆ ಶಬ್ದ ಕೇಳಲಿಕ್ಕೇ ನಾನು ಬಂದದ್ದು. ಅದನ್ನು ಇದುವರೆಗೆ ನಾನೂ ಕೇಳಿರಲಿಲ್ಲ, ಮೋಟರಿನ ಯಜಮಾನನೂ ಕೇಳಿರಲಿಲ್ಲ.

ರೈಲು, ಅದೇ ದಿನ

ನಾನು ಕೊಪ್ಪದ ಕಾಲೇಜೊಂದರಲ್ಲಿ ಪ್ರಯೋಗಾಲಯ ಸಹಾಯಕ. ವಾರದಲ್ಲಿ ಆರು ದಿನ ಪಿಪೆಟ್ಟು, ಮ್ಯಾಗ್ನೆಟ್ಟುಗಳನ್ನು ಎಣಿಸಿ ಕಪಾಟಿಗೆ ಸೇರಿಸುವುದು ನನ್ನ ಕೆಲಸ. ಏಳನೆಯ ದಿನ ಬಸ್ಸು ಹತ್ತಿ ನರಸಿಂಹರಾಜಪುರದ ಕಡೆಗೆ, ಸೀತೂರಿನ ರವೀಂದ್ರನ ಮನೆಗೆ. ನಾವಿಬ್ಬರೂ ಸೇರಿ ಹಳೆಯ ದೋಣಿ ಮೋಟರುಗಳನ್ನು ರಿಪೇರಿ ಮಾಡಿ ಭದ್ರಾ ಹಿನ್ನೀರಿನಲ್ಲಿ ಓಡಿಸುತ್ತಿದ್ದೆವು. ದೋಣಿಯ ಹಿಂಬದಿಯ ಹಲಗೆಗೆ ಕಚ್ಚಿಸಿ, ಹಗ್ಗ ಸುತ್ತಿ ಎಳೆದು ಶುರುಮಾಡುವ ಮೋಟರುಗಳು. ಇದರಿಂದ ಯಾರಿಗೆ ಏನು ಉಪಯೋಗ ಎಂದು ಇಬ್ಬರ ಮನೆಯಲ್ಲೂ ಕೇಳುತ್ತಿದ್ದರು.

ನಾಲ್ಕು ಮೋಟರುಗಳನ್ನು ಓಡಿಸಿದೆವು. ನೀರು ಇಳಿದಾಗ ಹಿನ್ನೀರಿನ ತಳದಲ್ಲಿ ಹಳೆಯ ಕಾಡಿನ ಬೊಡ್ಡೆಗಳು ತಲೆ ಎತ್ತುತ್ತವೆ. ಅವಕ್ಕೆ ಬಡಿದು ಮೋಟರಿನ ನೀರೊಳಗಿನ ಫ್ಯಾನಿನ ಪಿನ್ನು ತುಂಡಾದದ್ದನ್ನು ನಾನು ಬರೆದಿಡುತ್ತಿದ್ದೆ. ರವಿ ನಗುತ್ತಿದ್ದ. "ಬರ್ಕೋ ಬರ್ಕೋ. ಮುಂದೊಂದು ದಿನ ಈ ಬೊಡ್ಡೆಗಳ ಮೇಲೆ ಕೇಸು ಹಾಕಕ್ಕೆ ಬರತ್ತೆ." ಶೃಂಗೇರಿಯಲ್ಲಿ ತುಂಗೆಯ ಮೇಲೆ ಒಂದು ಸಲ ಓಡಿಸೋಣವೇ ಎಂದು ನಾನು ಹುಡುಗಾಟಕ್ಕೆ ಕೇಳಿದ್ದೆ. "ಬ್ಯಾಡ ಮಾರಾಯ. ಅಲ್ಲಿ ದೇವರ ಮೀನುಗಳೇ ತಹಶೀಲ್ದಾರ್ರಿಗೆ ಅರ್ಜಿ ಕೊಡ್ತಾವೆ" ಎಂದಿದ್ದ.

ಐದನೆಯದು ಈ ಮೋಟರು. ಅಣೆಕಟ್ಟು ಕಟ್ಟುವ ಕಾಲದ ಸರ್ವೆ ದೋಣಿಯದು ಎಂದು ಗುಜರಿಯವನು ಹೇಳಿದ. ಹೆಸರಿನ ತಗಡು ಕಳಚಿಹೋಗಿತ್ತು. ಎರಡು ಸಿಲಿಂಡರುಗಳು ಜಗಳವಾಡಿದ ಗಂಡಹೆಂಡಿರಂತೆ ಒಂದಕ್ಕೊಂದು ಬೆನ್ನು ಹಾಕಿ ಮಲಗಿದ್ದವು. ರವಿ ಅದಕ್ಕೆ ಒಂದು ವರ್ಷ ಕೊಟ್ಟ. ಎಲ್ಲ ಮುಗಿದು, ಬರುವ ಭಾನುವಾರ ನೀರಿಗಿಳಿಸುವುದೆಂದು ಮಾತಾಗಿತ್ತು. ಆ ವಾರ ಮಳೆ ಹಿಡಿಯುವ ಮುಂಚೆ ತೋಟಕ್ಕೆ ಔಷಧಿ ಹೊಡೆದು ಮುಗಿಸಬೇಕೆಂದು ಅವನೇ ಮರ ಹತ್ತಿದ. ಬಿದ್ದ. ಸೊಂಟದಿಂದ ಕೆಳಗೆ ಈಗ ಸ್ವಾಧೀನವಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನು ಹೇಳಿದ್ದು: "ನಾನು ಏಳೋ ತನಕ ಅದನ್ನ ಬಚ್ಚಲ ಅಟ್ಟದ ಮೇಲೆ ಇಡಿ. ತುಕ್ಕು ಹಿಡೀಬಾರ್ದು." ಊರಲ್ಲಿ ಎಲ್ಲರೂ ಮಾಡುವುದು ಅದನ್ನೇ. ಕತ್ತಿ, ಗುದ್ದಲಿ, ಸ್ಪ್ರೇಯರಿನ ಪಂಪು ಎಲ್ಲ ಆಷಾಢದಲ್ಲಿ ಒಲೆಯ ಮೇಲೇ ಬದುಕುತ್ತವೆ. ಮೋಟರು ಅಲ್ಲಿ ಮೂರು ಮಳೆಗಾಲ ಕಳೆಯಿತು. ರವಿಯ ಹೆಂಡತಿ ಶೈಲಾ ಬಚ್ಚಲ ಒಲೆ ಆರದಂತೆ ನೋಡಿಕೊಂಡಳು, ಬಿಸಿಲಿನ ದಿನಗಳಲ್ಲಿ ಕೂಡ ಸೌದೆಯ ಒಂದು ಕುಂಟೆ ಹೆಚ್ಚಿಗೇ ಇಟ್ಟಳು. ರವಿ ಹಾಸಿಗೆಯಲ್ಲೇ ಕೂತು ಊರವರ ಪಂಪ್‌ಸೆಟ್ಟುಗಳ ಕಾಯಿಲ್ ಸುತ್ತಿಕೊಡುವುದನ್ನು ಕಲಿತ. ಮೂರನೆಯ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ತಂತಿ ಸುತ್ತುತ್ತ, ತಲೆ ಎತ್ತದೆ ಹೇಳಿದ. "ಇಳ್ಸು ಮಾರಾಯ ಅದನ್ನ. ನಾನು ಏಳಲ್ಲ."

ಇಳಿಸಿದೆವು. ಶುರುವಾಗಲಿಲ್ಲ. ಕಿಡಿಯೇ ಇರಲಿಲ್ಲ. ಬಿಚ್ಚಿ ನೋಡೋಣವೆಂದರೆ ಹಗ್ಗ ಸುತ್ತುವ ಮೇಲಿನ ಗಾಲಿ ಅಂಟಿಕೊಂಡು ಜಪ್ಪಯ್ಯ ಎಂದರೂ ಕಳಚಿ ಬರಲಿಲ್ಲ. ಕೊಪ್ಪದ ಸೈಬರ್ ಸೆಂಟರಿನಿಂದ ನಾನು ಫೋಟೋ ಕಳಿಸಿದ ಮೇಲೆ ಸ್ವೀಡನ್ನಿನ ಹಳೆಯ ಮೋಟರುಗಳ ಕ್ಲಬ್ಬಿನಿಂದ ಉತ್ತರ ಬಂತು. ಇದು ನಮ್ಮ ದೇಶದ್ದು, ಇಂಥದು ನಮ್ಮಲ್ಲಿ ಒಂದೇ ಉಳಿದಿದೆ, ಜೂನಿನ ಮೇಳಕ್ಕೆ ತನ್ನಿ, ಟಿಕೆಟ್ ನಮ್ಮದು. ಇಸವಿ ೨೦೦೭. ರವಿಗೆ ಓದಿ ಹೇಳಿದಾಗ ಅವನು ಕೇಳಿದ್ದು ಒಂದೇ: "ಅಲ್ಲಿಂದ ಫೋನ್ ಮಾಡಕ್ಕೆ ಬರತ್ತಾ? ಶುರುವಾದಾಗ ಕೇಳ್ಸು. ಒಂದು ನಿಮಿಷ ಸಾಕು." ಆಮೇಲೆ, ಶೈಲಾ ಒಳಗೆ ಹೋದ ಮೇಲೆ, "ಆಗ್ಲಿಲ್ಲ ಅಂದ್ರೆ ವಾಪಸ್ ತರಬೇಡ. ಈ ಮನೇಲಿ ಕೂತಲ್ಲೇ ಕೂರೋದು ಒಂದು ಸಾಕು" ಎಂದಿದ್ದ.

ಇದನ್ನೆಲ್ಲ ರೈಲಿನಲ್ಲಿ ಪಕ್ಕದವರಿಗೆ ಹೇಳಬೇಕೆನ್ನಿಸಿತು. ನಮ್ಮ ಶಿವಮೊಗ್ಗ ಬಸ್ಸಿನಲ್ಲಾದರೆ ಕಮ್ಮರಡಿ ಬರುವುದರೊಳಗೆ ಪಕ್ಕದವನು ಮೋಟರಿನ ಜಾತಕ ತಿಳಿದುಕೊಂಡು, ತನ್ನ ಭಾವನಿಗೆ ಪರಿಚಯದ ಮೆಕ್ಯಾನಿಕ್ಕಿನ ವಿಳಾಸ ಕೊಟ್ಟಿರುತ್ತಿದ್ದ. ಇಲ್ಲಿ ನಾನು "ಎಷ್ಟು ದೂರ ಹೋಗ್ತೀರಿ?" ಎಂದು ಎದುರಿನ ಅಜ್ಜಿಯನ್ನು ಕೇಳಿದೆ. ಅವಳು ಕಿಟಕಿಯ ಮೇಲಿನ ಚೀಟಿ ತೋರಿಸಿದಳು. ಅದು ಮಾತಾಡಬಾರದ ಬೋಗಿ. ಪೆಟ್ಟಿಗೆ ಎಳೆದುಕೊಂಡು ಮಾತಾಡಬಹುದಾದ ಬೋಗಿಗೆ ಹೋದೆ. ಅಲ್ಲಿಯೂ ಯಾರೂ ಮಾತಾಡುತ್ತಿರಲಿಲ್ಲ. ನಾಲ್ಕು ತಾಸಿನಲ್ಲಿ ತಾವಾಗಿ ನನ್ನೊಡನೆ ಮಾತಾಡಿದವರು: ಒಬ್ಬರು. ಟಿಕೆಟ್ ಕೇಳಿದವರು.

ಯೋರಾನನ ಮನೆ, ಗುರುವಾರ ಸಂಜೆ

ಸ್ಟೇಷನ್ನಿಗೆ ಬಂದಿದ್ದವನು ಯೋರಾನ್. ಕ್ಲಬ್ಬಿನ ಪತ್ರ ಬರೆದವನು ಅವನೇ, ಆ ಇನ್ನೊಂದು ಮೋಟರು ಇರುವುದೂ ಅವನ ಹತ್ತಿರವೇ. ಅರುವತ್ತು ದಾಟಿದ ಆಸಾಮಿ, ನಿವೃತ್ತ ಮೇಷ್ಟ್ರು. ಕೈಕುಲುಕಿ ಪೆಟ್ಟಿಗೆಯ ಒಂದು ಬದಿ ಹಿಡಿದ. ಕಾರಿನಲ್ಲಿ ಒಂದು ಮಾತಿಲ್ಲ. ಅವನಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಮನೆಗೆ ಬಂದ ಮೇಲೆ ಅವನ ಹೆಂಡತಿ ಇಂಗರ್ ಹೇಳಿದಳು, "ನಿನ್ನನ್ನು ನೋಡಿ ಅವನಿಗೆ ತುಂಬಾ ಸಂತೋಷವಾಗಿದೆ." ಯೋರಾನ್ ತಲೆ ಆಡಿಸಿದ.

ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ವಿದೇಶದಲ್ಲಿ ಎಲ್ಲರೂ ಬೂಟು ಹಾಕಿಕೊಂಡೇ ಹಾಸಿಗೆ ಹತ್ತುತ್ತಾರೆ ಎಂದು ನನಗೆ ಹೇಳಿದ್ದ ಕೊಪ್ಪದ ಮೂವರನ್ನು ನೆನೆಸಿಕೊಂಡೆ. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು, ಹುಳಿ ಕೆನೆ, ಒಣ ರೊಟ್ಟಿ. ಮೀನನ್ನು ನನ್ನಿಂದ ದೂರ ಇಟ್ಟರು. ಬಡಿಸಿದರೆ 'ತಕ್', ಪಾತ್ರೆ ದಾಟಿಸಿದರೆ 'ತಕ್', ಸಾಕು ಎನ್ನಲಿಕ್ಕೂ 'ತಕ್'. ಒಂದೇ ಊಟದಲ್ಲಿ ಗಂಡ ಹೆಂಡತಿಗೆ ಹನ್ನೊಂದು ಸಲ ಕೃತಜ್ಞತೆ ಹೇಳಿದ. ನಮ್ಮಲ್ಲಿ ಸಾರು ಬಡಿಸಿದವರಿಗೆ ಥ್ಯಾಂಕ್ಸ್ ಅಂದರೆ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡುತ್ತಾರೆ.

ಊಟವಾದ ಮೇಲೆ ಯೋರಾನ್ ಶನಿವಾರದ ಮೇಳದ ಪದ್ಧತಿ ಹೇಳಿದ. ಸುಮಾರು ನಲವತ್ತು ದೋಣಿಗಳು ಸರೋವರಕ್ಕೆ ಇಳಿಯುತ್ತವೆ. ಸ್ಪರ್ಧೆ ಇಲ್ಲ, ಬಹುಮಾನವೂ ಇಲ್ಲ. ಆದರೆ ಯಾವುದಾದರೂ ಮೋಟರು ಮೊದಲ ಸಲ ಮೇಳಕ್ಕೆ ಬಂದರೆ ಉಳಿದವರೆಲ್ಲ ತಮ್ಮ ಮೋಟರು ನಿಲ್ಲಿಸುತ್ತಾರೆ. ಹೊಸದರ ಯಜಮಾನ ಎದ್ದು ನಿಂತು, ಮೋಟರನ್ನು ರಿಪೇರಿ ಮಾಡಿದವನ ಹೆಸರು ಗಟ್ಟಿಯಾಗಿ ಹೇಳಿ, ಹಗ್ಗ ಎಳೆಯುತ್ತಾನೆ. ಅದರ ದನಿಯನ್ನು ಎಲ್ಲರೂ ಕೇಳಿದ ಮೇಲೆಯೇ ಬೇರೆಯವರು ಶುರುಮಾಡುವುದು.

"ಈ ವರ್ಷ ಹೊಸದು ನಿನ್ನದೊಂದೇ" ಎಂದ.

ಮಲಗಲಿಕ್ಕೆ ಹೋದಾಗ ಹೊರಗೆ ಇನ್ನೂ ಬೆಳಕಿತ್ತು. ನನಗೆ ಆ ಬೆಳಕು ಹಿಡಿಸಲಿಲ್ಲ. ದಿನ ಮುಗಿಯಿತು ಎಂದು ಬರೆದು ಪುಸ್ತಕ ಮುಚ್ಚಲಿಕ್ಕೆ ಕತ್ತಲಾಗಬೇಕಲ್ಲ.

ಕೊಟ್ಟಿಗೆ, ಶುಕ್ರವಾರ ಬೆಳಿಗ್ಗೆ

ಯೋರಾನನ ಮೋಟರುಗಳು ಮನೆಯ ಹಿಂದಿನ ಮರದ ಕೊಟ್ಟಿಗೆಯಲ್ಲಿ ಸಾಲಾಗಿ ನಿಂತಿದ್ದವು. ಒಲೆ ಇಲ್ಲ, ಹೀಟರ್ ಇಲ್ಲ. ಚಳಿಗಾಲದಲ್ಲಿ ಒಳಗಿನ ನೀರಿನ ಬಕೆಟ್ಟು ತಳದವರೆಗೆ ಹೆಪ್ಪುಗಟ್ಟುತ್ತದಂತೆ. "ಚಳಿ ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ" ಎಂದ.

ನಮ್ಮದನ್ನು ಹಲಗೆಗೆ ಕಚ್ಚಿಸಿ ಸುಮ್ಮನೆ ನೋಡುತ್ತ ನಿಂತ. ರವಿ ಅರದಿಂದ ಉಜ್ಜಿ ಮಾಡಿದ ಥ್ರಾಟಲ್ ಹಿಡಿ, ಹಿತ್ತಾಳೆಯ ಕೊಳವೆ ಬಗ್ಗಿಸಿ ಮಾಡಿದ ಎಣ್ಣೆ ನಳಿಗೆ, ಎಲ್ಲವನ್ನೂ ಬೆರಳಿನಿಂದ ಮುಟ್ಟಿದ. "ಇದನ್ನು ಮಾಡಿದವನು ಎಲ್ಲಿ ಕಲಿತ?" ಎಂದ. ಎಲ್ಲಿಯೂ ಇಲ್ಲ ಎಂದೆ. ನನಗೆ ಹೆಮ್ಮೆಯಾಯಿತು. ಇಡೀ ಪ್ರವಾಸದಲ್ಲಿ ಅದೊಂದು ಕಾಲು ತಾಸು ನಾನು ಸುಖವಾಗಿದ್ದೆ.

ಆಮೇಲೆ ಅವನು ಗಾಲಿ ಕೀಳುವ ಸಲಕರಣೆ ಹಾಕಿ ತಿರುಗಿಸತೊಡಗಿದ. ಗಾಲಿ ಕಿರುಗುಟ್ಟಿ ಮೇಲೆದ್ದಿತು. ಅದರ ಕೆಳಗೆ ಕಿಡಿ ಹುಟ್ಟಿಸುವ ಭಾಗಗಳು ಕೂರುವ ಒಂದು ತಟ್ಟೆ ಇರುತ್ತದೆ. ಆ ತಟ್ಟೆ ತಟ್ಟೆಯಾಗಿ ಬರಲಿಲ್ಲ. ಬೆಲ್ಲದ ಉಂಡೆ ಒಡೆದಂತೆ ನಾಲ್ಕಾರು ಚೂರಾಗಿ ಹಲಗೆಯ ಮೇಲೆ ಬಿತ್ತು. ಯೋರಾನ್ ಒಂದು ಚೂರನ್ನು ಎರಡು ಬೆರಳಲ್ಲಿ ಒತ್ತಿದ. ಪುಡಿಯಾಯಿತು.

"ಇದು ಎಲ್ಲಿತ್ತು?" ಎಂದು ಕೇಳಿದ.

ಸುಂಕದವಳಿಗೆ ಹೇಳದೆ ಉಳಿಸಿದ್ದನ್ನೆಲ್ಲ ಅವನಿಗೆ ಹೇಳಿದೆ. ಒಲೆ, ಹಂಡೆ, ಹಬೆ, ಅಟ್ಟ, ಮೂರು ಮಳೆಗಾಲ. ಅವನು ಪೂರ್ತಿ ಕೇಳಿದ.

"ನಾವು ಮೀನನ್ನು ಹೀಗೆ ಹೊಗೆಯಲ್ಲಿಟ್ಟು ಬೇಯಿಸುತ್ತೇವೆ" ಎಂದ. ತಮಾಷೆಗೆ ಹೇಳಿದ್ದಲ್ಲ.

ಆ ಕಾಲದಲ್ಲಿ ಕೆಲವು ಭಾಗಗಳನ್ನು ಸತು ಬೆರೆಸಿದ ಲೋಹದಲ್ಲಿ ಎರಕ ಹೊಯ್ಯುತ್ತಿದ್ದರಂತೆ. ಎರಕದಲ್ಲಿ ಒಂದಿಷ್ಟು ಕಲಬೆರಕೆ ಇದ್ದರೆ, ಬಿಸಿ ಹಬೆ ದಿನವೂ ತಾಗುತ್ತಿದ್ದರೆ, ಲೋಹ ಒಳಗಿನಿಂದ ಊದಿಕೊಂಡು ಬಿರಿಯುತ್ತದೆ. ಹೊರಗೆ ಬಣ್ಣ ಹಾಗೇ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ತುಕ್ಕು ಹಿಡಿದಿದ್ದರೆ ಉಜ್ಜಿ ತೆಗೆಯಬಹುದಿತ್ತು ಎಂದ. ತುಕ್ಕಿನಿಂದ ಉಳಿಸಲಿಕ್ಕೆಂದೇ ನಾವು ಅದನ್ನು ಹಬೆಯಲ್ಲಿಟ್ಟದ್ದು.

ತಟ್ಟೆಯೊಂದೇ ಆಗಿದ್ದರೆ ಪರವಾಗಿರಲಿಲ್ಲ. ಯೋರಾನ್ ದೀಪ ಹಿಡಿದು ತೋರಿಸಿದ. ಮೋಟರಿನ ನಡುವಿನ ದಂಡ ತಿರುಗುವುದು ಅದನ್ನು ಸುತ್ತಲೂ ಹಿಡಿದಿರುವ ಒಂದು ಬುಡ್ಡಿಯೊಳಗೆ. ಆ ಬುಡ್ಡಿಯೂ ಅದೇ ಲೋಹ. ಅದರ ಸುತ್ತ ಕೂದಲಿನಷ್ಟು ತೆಳುವಾದ ಬಿರುಕು ಒಂದು ಸುತ್ತು ಬಂದು ತನ್ನ ಬಾಲವನ್ನು ತಾನೇ ಮುಟ್ಟಿತ್ತು.

"ಹೊಸದು ಮಾಡಿಸಬಹುದೇ?"

"ಮಾಡಿಸಬಹುದು. ಆದರೆ ಇದನ್ನು ಕಳಚಿದರೆ ಇದು ಕೂತಿರುವ ಮೈಯೂ ಒಡೆಯುತ್ತದೆ. ಅದೂ ಇದೇ ಲೋಹ." ದೀಪ ಕೆಳಗಿಟ್ಟು ಹೇಳಿದ, "ನನ್ನ ಮೋಟರಿನ ತಟ್ಟೆ, ಕಾಯಿಲ್, ಗಾಲಿ ಬಿಚ್ಚಿ ಇದಕ್ಕೆ ಹಾಕಬಹುದು. ಕಿಡಿ ಬರುತ್ತದೆ. ಶುರುವಾಗುತ್ತದೆ. ಒಂದು ನಿಮಿಷ ಓಡಬಹುದು. ಆಮೇಲೆ ಈ ಬಿರುಕು ಬಾಯಿ ಬಿಡುತ್ತದೆ, ದಂಡ ಹೊರಗೆ ಬರುತ್ತದೆ. ಅಲ್ಲಿಗೆ ಮುಗಿಯಿತು. ಓಡಿಸದಿದ್ದರೆ ಇದು ನೂರು ವರ್ಷ ಹೀಗೇ ನಿಂತಿರುತ್ತದೆ. ಕ್ಲಬ್ಬಿನ ಮನೆಯಲ್ಲಿ ಗಾಜಿನ ಕಪಾಟಿದೆ. ಕೆಳಗೆ ನಿನ್ನ ಗೆಳೆಯನ ಹೆಸರು ಬರೆಸುತ್ತೇವೆ."

ಇಂಗರ್ ಕಾಫಿ ತಂದಳು. ವಿಷಯ ಕೇಳಿ, "ಓಡಿಸುವುದೇ? ಯಾರೂ ಹಾಗೆ ಮಾಡುವುದಿಲ್ಲ" ಎಂದಳು. ಯೋರಾನ್ ಅವಳಿಗೆ 'ತಕ್' ಎಂದ. ಕಾಫಿಗೋ ಮಾತಿಗೋ ತಿಳಿಯಲಿಲ್ಲ.

ಫೋನು, ಶುಕ್ರವಾರ ಮಧ್ಯಾಹ್ನ

ನಿರ್ಧಾರ ನನ್ನದಲ್ಲ. ಯೋರಾನನ ಮನೆಯ ಫೋನಿನಿಂದ ಸೀತೂರಿಗೆ ಮಾಡಿದೆ. ಹಾಸಿಗೆಯ ಪಕ್ಕದಲ್ಲೇ ಫೋನಿರುವುದರಿಂದ ರವಿ ಮೊದಲ ಗಂಟೆಗೇ ಎತ್ತಿದ.

"ಎಂತ ಮಾರಾಯ, ಹೆಂಗಿದೆ ಅಲ್ಲಿ? ಊಟ ಗೀಟ ಸಿಗತ್ತಾ?"

"ಆಲೂಗಡ್ಡೆ."

"ಮತ್ತೆ?"

"ಆಲೂಗಡ್ಡೆನೇ. ರವಿ, ಗಾಲಿ ಬಿಚ್ಚಿದ್ವಿ."

"ಬಂತಾ? ಹೆಂಗ್ ಬಂತು? ಕಾಯಿಲ್ ಸುಟ್ಟಿದೆಯಾ? ಸುಟ್ಟಿದ್ರೆ ನೀನು ಅಲ್ಲಿಂದ ಅಳತೆ ಹೇಳು, ನಾನು ಇಲ್ಲೇ ಸುತ್ತಿ ಇಡ್ತೀನಿ."

"ಕಾಯಿಲ್ ಅಲ್ಲ" ಎಂದೆ. ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ. ಯಾಕೆ ಹಾಗಾಯಿತು ಎಂದು ಅವನು ಕೇಳದಿರಲಿ ಎಂದು ಬೇಡಿಕೊಂಡೆ. ಕೇಳಿದ. ಅದನ್ನೂ ಹೇಳಿದೆ.

"ಬಚ್ಚಲ ಒಲೆಯಾ?" ಎಂದ.

"ಹಬೆ ಅಂತೆ."

"ಅಂದ್ರೆ ನಾನೇ ಬೇಯ್ಸಿ ಇಟ್ಟಿದ್ದು ಅನ್ನು." ನಕ್ಕ. ಆ ನಗೆ ಅರ್ಧಕ್ಕೆ ನಿಂತಿತು. ಯಾಕೆಂದರೆ ಹಿಂದಿನಿಂದ ಶೈಲಾಳ ದನಿ ಬಂತು, "ಎಂತ ಅಂತೆ? ಓಡ್ತಂತಾ?"

"ನಾಳೆ ಓಡ್ಸ್ತಾರಂತೆ" ಎಂದು ರವಿ ಅವಳಿಗೆ ಹೇಳಿದ. "ಬಾಳ ಚೆನ್ನಾಗಿ ಇಟ್ಕಂಡಿದೀರಿ ಅಂದ್ರಂತೆ. ಒಂಚೂರೂ ತುಕ್ಕಿಲ್ವಂತೆ."

"ಮತ್ತೆ? ನಾ ಹೇಳಿರ್ಲಿಲ್ವಾ. ಒಂದು ದಿನ ಒಲೆ ಆರಕ್ಕೆ ಬಿಟ್ಟೋಳಲ್ಲ ನಾನು" ಎಂದಳು ಶೈಲಾ. ಅವಳ ದನಿಯಲ್ಲಿದ್ದ ಹಿಗ್ಗನ್ನು ಸಾವಿರಾರು ಮೈಲಿ ಆಚೆ ನಿಂತು ಕೇಳುವುದು ಬಹಳ ಕಷ್ಟವಾಯಿತು.

ಅವಳ ಹೆಜ್ಜೆ ದೂರ ಹೋಗುವವರೆಗೆ ರವಿ ಕಾದ. "ಅವಳಿಗೆ ಇದು ಯಾವತ್ತೂ ಗೊತ್ತಾಗಬಾರ್ದು. ತಿಳೀತಾ?"

"ತಿಳೀತು. ನಾಳೆ ಎಂತ ಮಾಡ್ಲಿ? ಇವ್ರು ಗಾಜಿನ ಕಪಾಟಲ್ಲಿ ಇಡ್ತೀವಿ ಅಂತಾರೆ. ನಿನ್ನ ಹೆಸರು ಬರೆಸ್ತಾರಂತೆ. ನೂರು ವರ್ಷ ಇರತ್ತಂತೆ."

"ನೂರು ವರ್ಷನಾ!" ಎಂದ. "ನಾನೊಬ್ಬ ಇಲ್ಲಿ ಕಪಾಟಲ್ಲಿ ಇಟ್ಟಂಗೆ ಇದೀನಲ್ಲ ಮಾರಾಯ. ಬಂದೋರೆಲ್ಲ ನೋಡ್ಕಂಡು ಹೋಗ್ತಾರೆ, ಚೆನ್ನಾಗಿದೀಯಲ್ಲ ಅಂತಾರೆ. ಅದಕ್ಕೂ ಅದೇ ಗತಿ ಯಾಕೆ? ಓಡ್ಸು."

"ಒಂದೇ ನಿಮಿಷ ರವಿ. ಅಷ್ಟೂ ಓಡತ್ತೋ ಇಲ್ವೋ."

"ಒಂದು ನಿಮಿಷ ಬೇರೆ ಯಾರಿಗೆ ಸಿಗತ್ತೆ? ಫೋನು ಹತ್ರ ಹಿಡಿ. ಸರಿಯಾಗಿ ಹಿಡಿ."

ಯೋರಾನನಿಗೆ ಹೇಳಿದೆ. ಅವನು ಎದ್ದು ಕಿಟಕಿಯ ಹತ್ತಿರ ಹೋದ. "ಇದು ಕೊಲೆ" ಎಂದ. ಆಮೇಲೆ ಕೊಟ್ಟಿಗೆಗೆ ಹೋಗಿ ತನ್ನ ಮೋಟರಿನ ಗಾಲಿ ಬಿಚ್ಚತೊಡಗಿದ. ಸಂಜೆಯವರೆಗೆ ಇಬ್ಬರೂ ಕೆಲಸ ಮಾಡಿದೆವು. ಕೊಟ್ಟಿಗೆಯಲ್ಲಿ ಒಮ್ಮೆ ಕಿಡಿ ಮಾತ್ರ ನೋಡಿದೆವು, ನೀಲಿ, ಗಟ್ಟಿ ಕಿಡಿ. ಶುರುಮಾಡಿ ನೋಡಲಿಲ್ಲ. ಇರುವ ಒಂದು ನಿಮಿಷವನ್ನು ಕೊಟ್ಟಿಗೆಯಲ್ಲಿ ಖರ್ಚು ಮಾಡುವಂತಿರಲಿಲ್ಲ.

ಸರೋವರ, ಶನಿವಾರ

ನೀರು ಕಪ್ಪಗಿತ್ತು, ಅಲುಗುತ್ತಿರಲಿಲ್ಲ. ನಮ್ಮ ಹಿನ್ನೀರಿನಲ್ಲಿ ಎಲ್ಲಿ ನೋಡಿದರೂ ಮುಳುಗಿದ ಏನಾದರೊಂದು ಮೇಲೆ ಬಂದಿರುತ್ತದೆ. ಇಲ್ಲಿ ಏನೂ ಇಲ್ಲ, ಆಕಾಶ ಮಾತ್ರ ಬಿದ್ದುಕೊಂಡಿತ್ತು. ದಡದಲ್ಲಿ ಜನ ಮಡಿಚುವ ಕುರ್ಚಿ ಹಾಕಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕೂತಿದ್ದರು. ದೋಣಿಗಳು ಹೊರಟವು. ಒಂದೊಂದು ಮೋಟರಿಗೂ ಒಂದೊಂದು ದನಿ. ಒಂದು ಒನಕೆ ಕುಟ್ಟಿದಂತೆ, ಇನ್ನೊಂದು ಮರಕುಟಿಗದಂತೆ, ಮತ್ತೊಂದು ನಶ್ಯ ಏರಿಸಿದವರ ಸೀನಿನಂತೆ. ರವಿ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಒಂದೊಂದರ ರೋಗ ಹೇಳುತ್ತಿದ್ದ.

ನಾನೂ ಯೋರಾನನೂ ಹುಟ್ಟು ಹಾಕುತ್ತ ಸರೋವರದ ನಡುವಿಗೆ ಹೋದೆವು. ಒಂಬತ್ತಕ್ಕೆ ಇಂಗರ್ ದಡದಿಂದ ಬಿಳಿ ಬಟ್ಟೆ ಬೀಸಿದಳು. ಒಂದೊಂದಾಗಿ ಮೋಟರುಗಳು ನಿಂತವು. ಕೊನೆಯದು ನಿಂತ ಮೇಲೆ ಒಂದು ಹಕ್ಕಿ ಕೂಗಿದ್ದು ಕೇಳಿಸಿತು. ನಲವತ್ತು ದೋಣಿಗಳ ಜನ ಕೈ ಕಟ್ಟಿಕೊಂಡು ನಮ್ಮ ಕಡೆ ತಿರುಗಿ ಕೂತಿದ್ದರು.

ಯೋರಾನ್ ತನ್ನ ಮೊಬೈಲಿನಿಂದ ಸೀತೂರಿಗೆ ಮಾಡಿ ನನ್ನ ಕಿವಿಗೆ ಹಿಡಿದ.

"ರವಿ, ಶುರು ಮಾಡ್ತೀನಿ. ಕೇಳ್ತಾ ಇರು. ಮಾತಾಡಬೇಡ."

"ಹೂಂ" ಎಂದ. ಅಷ್ಟೇ.

ಯೋರಾನ್ ಫೋನನ್ನು ಮೋಟರಿನ ಪಕ್ಕಕ್ಕೆ, ಒಂದು ಮೊಳ ದೂರದಲ್ಲಿ ಹಿಡಿದ. ನಾನು ಎದ್ದು ನಿಂತು "ಸೀತೂರಿನ ರವೀಂದ್ರ" ಎಂದು ಕೂಗಿದೆ. ಅಲ್ಲಿ ಯಾರಿಗೂ ಆ ಎರಡು ಶಬ್ದಗಳಲ್ಲಿ ಊರು ಯಾವುದು, ಮನುಷ್ಯನ ಹೆಸರು ಯಾವುದು ತಿಳಿದಿರಲಿಕ್ಕಿಲ್ಲ. ಹಗ್ಗ ಸುತ್ತಿ ಎಳೆದೆ. ಮೊದಲ ಸಲ ಗುಟುಕರಿಸಿತು. ಯೋರಾನ್ ಕೆಮ್ಮಿದ. ಎರಡನೆಯ ಸಲ ಎಳೆದೆ.

ಅದು ಮಾತಾಡಿತು. ಬೇರೆ ಶಬ್ದ ನನಗೆ ಸಿಗುತ್ತಿಲ್ಲ. ಎರಡು ಸಿಲಿಂಡರು ಒಟ್ಟಿಗೇ ಬಡಿಯುವ, ತುಂಬಿದ, ಎದೆಗೆ ತಾಗುವ ದನಿ. ನಮ್ಮ ನಾಲ್ಕು ಮೋಟರುಗಳಲ್ಲಿ ಒಂದೂ ಹೀಗೆ ಓಡಿರಲಿಲ್ಲ. ದೋಣಿ ಮೂತಿ ಎತ್ತಿತು. ನೀಲಿ ಹೊಗೆ ನೀರಿನ ಮೇಲೆ ಹಾಸಿತು. ಆಚೆ ದೋಣಿಯಲ್ಲಿ ಒಬ್ಬ ಮುದುಕ ಟೋಪಿ ತೆಗೆದ. ಯೋರಾನ್ ಬಿರುಕನ್ನೇ ನೋಡುತ್ತಿದ್ದ, ಆದರೆ ಅವನ ಹಲ್ಲು ಕಾಣುತ್ತಿತ್ತು. ಅವನು ನಕ್ಕದ್ದನ್ನು ನಾನು ಕಂಡದ್ದು ಆಗ ಮಾತ್ರ. ನಾನು ನಿಲ್ಲಿಸಬಹುದಿತ್ತು. ಥ್ರಾಟಲ್ ಮೇಲೆ ಕೈ ಇತ್ತು. ಇನ್ನೊಂದು ಚೂರು ಕೇಳಲಿ ಅವನು ಎಂದು ನಿಲ್ಲಿಸಲಿಲ್ಲ.

ಆಮೇಲೆ ಗಾಲಿ ಓಲಾಡಿತು. ಬಟ್ಟೆ ಹರಿದ ಹಾಗೆ ಒಂದು ಸದ್ದು, ಅದರ ಬೆನ್ನಿಗೆ ಒಂದು ಏಟು. ಬುಡ್ಡಿ ಎರಡಾಯಿತು, ದಂಡ ವಾರೆಯಾಯಿತು, ಒಂದು ಚೂರು ದೋಣಿಯ ತಳಕ್ಕೆ ಬಿತ್ತು, ಉಳಿದವು ನೀರಿಗೆ ಹೋದವು. ಎಣ್ಣೆ ಬಣ್ಣಬಣ್ಣವಾಗಿ ಹರಡಿತು. ಯಾರೂ ಕೈ ತಟ್ಟಲಿಲ್ಲ. ಯಾರೂ ತಮ್ಮ ಮೋಟರು ಶುರುಮಾಡಲಿಲ್ಲ.

ನಾನು ಯೋರಾನನ ಕೈಯಿಂದ ಫೋನು ಕಿತ್ತುಕೊಂಡೆ.

"ರವಿ! ಕೇಳ್ತಾ?"

"ಎಂತದು?"

"ಮೋಟ್ರು. ಕೇಳ್ತಾ?"

"ಇಲ್ಲ ಮಾರಾಯ. ನೀನು ನನ್ನ ಹೆಸರು ಕೂಗಿದ್ದು ಕೇಳ್ತು, ಯಾರೋ ಕೆಮ್ಮಿದ್ರು. ಆಮೇಲೆ ಲೈನು ಸತ್ತಂಗಾಯ್ತು. ಏನೂ ಇಲ್ಲ, ಒಂಥರಾ ಗುಂಯ್ ಅಂತಲೂ ಇಲ್ಲ. ಈಗ ನಿನ್ನ ದನಿ ಬಂತು. ಎಂತ ಆಯ್ತು?"

ನಾನು ಯೋರಾನನ ಮುಖ ನೋಡಿ, ಅವನಿಗೆ ಏನೂ ಕೇಳಿಸಿಲ್ಲ ಎಂದೆ. ಯೋರಾನ್ ಫೋನನ್ನು ನೋಡಿದ. ಅದು ಆ ವರ್ಷವೇ ಕೊಂಡ ಹೊಸ ಫೋನು. ಗಾಳಿ, ರಸ್ತೆ, ಯಂತ್ರಗಳ ಸದ್ದನ್ನೆಲ್ಲ ಅದು ತಾನೇ ಅಳಿಸಿ ಮನುಷ್ಯರ ಮಾತು ಮಾತ್ರ ದಾಟಿಸುತ್ತದೆ ಎಂದು ಮೆಲ್ಲಗೆ ಹೇಳಿದ.

"ಹಲೋ" ಎಂದ ರವಿ. "ಇದೀಯಾ? ಶುರು ಮಾಡು. ನಾ ಹಿಡ್ಕಂಡೇ ಇದೀನಿ."

"ಶುರು ಮಾಡ್ದೆ ರವಿ."

"ಹೂಂ, ಮಾಡು."

"ಮಾಡಿ ಆಯ್ತು. ಓಡ್ತು. ಬಾಳ ಚೆನ್ನಾಗಿ ಓಡ್ತು."

ರವಿ ಫೋನು ಕೆಳಗಿಡಲಿಲ್ಲ. ಅವನ ಹಿಂದೆ, ಒಳಮನೆಯಲ್ಲಿ, ಮಧ್ಯಾಹ್ನದ ಅಡಿಗೆಯ ಕುಕ್ಕರ್ ಕೂಗಿತು. ಶೈಲಾ ಯಾರನ್ನೋ ಎಲೆ ಹಾಕಲು ಕರೆದಳು. ಅವರ ಮನೆಯ ಫೋನು ಹಳೆಯದು, ಏನನ್ನೂ ಅಳಿಸುವುದಿಲ್ಲ. ಸರೋವರದ ನಡುವೆ ಕೂತಿದ್ದ ನನಗೆ ಕುಕ್ಕರಿನ ಎರಡನೆಯ ಕೂಗೂ ಸ್ಪಷ್ಟವಾಗಿ ಕೇಳಿಸಿತು.